ಸ್ತನದ ಗಂಟು: ಬೆಳಕು ಹಾಯಿಸಿದರೆ ಏನು ಗೊತ್ತಾಗುತ್ತದೆ, ಏನು ಗೊತ್ತಾಗುವುದಿಲ್ಲ

ಸ್ತನದಲ್ಲಿ ಗಂಟೊಂದು ಕೈಗೆ ಸಿಕ್ಕಿದರೆ ಮನಸ್ಸು ಸೀದಾ ಕ್ಯಾನ್ಸರ್ ಕಡೆಗೇ ಓಡುತ್ತದೆ. ಆದರೆ ಹೀಗೆ ಸಿಗುವ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಹಾಗಂತ ಸುಮ್ನೆ ಬಿಡುವ ಹಾಗೂ ಇಲ್ಲ. 2022ರಲ್ಲಿ ಜಗತ್ತಿನಾದ್ಯಂತ ಸುಮಾರು 23 ಲಕ್ಷ ಹೆಂಗಸರಿಗೆ ಸ್ತನ ಕ್ಯಾನ್ಸರ್ ಪತ್ತೆಯಾಯಿತು, ಸುಮಾರು 6 ಲಕ್ಷ 70 ಸಾವಿರ ಮಂದಿ ಅದರಿಂದ ತೀರಿಕೊಂಡರು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಪರೂಪಕ್ಕೆ ಗಂಡಸರಿಗೂ ಇದು ಬರುತ್ತದೆ.

ಹಾಗಾಗಿ ಗಂಟು ಸಿಕ್ಕಿದ ಮೇಲೆ ತಿಳಿಯಬೇಕಾದದ್ದು ಒಂದೇ: ಇದು ಸಾದಾ ಗಂಟಾ, ಕ್ಯಾನ್ಸರಾ? ಇದಕ್ಕೆ ಕೊನೆಯ ಉತ್ತರ ಇವತ್ತಿಗೂ ಸೂಜಿಯಿಂದ ಬರುತ್ತದೆ. ಗಂಟಿನ ಚೂರನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಈ ಪರೀಕ್ಷೆಯೇ ಬಯಾಪ್ಸಿ. ಆದರೆ ‘ಸೂಜಿ ಬೇಡ, ಬೆಳಕು ಸಾಕು’ ಎನ್ನುವ ಧಾಟಿಯ ಸುದ್ದಿಗಳೂ ಆಗಾಗ ಕಣ್ಣಿಗೆ ಬೀಳುತ್ತವೆ. ಬೆಳಕು ಗಂಟಿನ ಬಗ್ಗೆ ಏನಾದರೂ ಹೇಳುತ್ತದಾ? ಹೇಳುತ್ತದೆ. ಆದರೆ ಎಷ್ಟು ಹೇಳುತ್ತದೆ ಎನ್ನುವುದರಲ್ಲೇ ವಿಷಯವೆಲ್ಲ ಇದೆ.

## ಎಲ್ಲ ಗಂಟೂ ಒಂದೇ ಅಲ್ಲ

ಸಾದಾ ಗಂಟುಗಳಲ್ಲಿ ಹಲವು ಬಗೆ. ಸಿಸ್ಟ್ ಎಂದರೆ ನೀರು ತುಂಬಿದ ಸಣ್ಣ ಚೀಲ. ಫೈಬ್ರೊಅಡಿನೋಮಾ ಚಿಕ್ಕ ವಯಸ್ಸಿನವರಲ್ಲಿ ಜಾಸ್ತಿ. ನುಣುಪಾಗಿ, ಗುಂಡಗೆ ಇರುತ್ತದೆ, ಬೆರಳಿಟ್ಟರೆ ಜಾರಿ ಪಕ್ಕಕ್ಕೆ ಸರಿಯುತ್ತದೆ. ಪೆಟ್ಟು ಬಿದ್ದಾಗ ಅಥವಾ ಆಪರೇಷನ್ ಆದಮೇಲೆ ಒಳಗಿನ ಕೊಬ್ಬು ಸತ್ತು ಗಟ್ಟಿಯಾಗುವುದೂ ಉಂಟು. ಸೋಂಕಾಗಿ ಕೀವು ಕಟ್ಟಿಕೊಂಡರೂ ಗಂಟೇ. ಇವು ನೋಯಬಹುದು, ದೊಡ್ಡದೂ ಆಗಬಹುದು. ಆದರೆ ಪಕ್ಕದ ಜಾಗಕ್ಕೆ ಬೇರು ಬಿಡುವುದಿಲ್ಲ, ದೇಹದ ಬೇರೆ ಕಡೆಗೆ ಹರಡುವುದಿಲ್ಲ.

ಕ್ಯಾನ್ಸರ್ ಗಂಟು ಮಾಡುವುದು ಅದನ್ನೇ. ಅದರ ಜೀವಕೋಶಗಳು ಲಗಾಮಿಲ್ಲದೆ ಹೆಚ್ಚುತ್ತವೆ, ಅಕ್ಕಪಕ್ಕಕ್ಕೆ ನುಗ್ಗುತ್ತವೆ, ಕಂಕುಳಿನ ಗ್ರಂಥಿಗಳಿಗೂ ಅಲ್ಲಿಂದ ಮುಂದಕ್ಕೂ ಹೋಗುತ್ತವೆ.

ವೈದ್ಯರು ಮೂರು ಹಂತದಲ್ಲಿ ನೋಡುತ್ತಾರೆ. ಮೊದಲು ಕೈಯಿಂದ ಮುಟ್ಟಿ ಪರೀಕ್ಷೆ. ಆಮೇಲೆ ಮ್ಯಾಮೊಗ್ರಾಂ, ಅಂದರೆ ಸ್ತನದ ಎಕ್ಸ್‌-ರೇ, ಇಲ್ಲವೇ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್. ಎಷ್ಟೋ ಸಲ ಎರಡೂ. ಅನುಮಾನ ಉಳಿದರೆ ಸೂಜಿ.

## ರಿಪೋರ್ಟಿನಲ್ಲಿರುವ ಆ ನಂಬರು

ಸ್ಕ್ಯಾನಿಂಗ್ ರಿಪೋರ್ಟಿನ ಕೊನೆಯಲ್ಲಿ ‘ಬೈರಾಡ್ಸ್’ ಎಂದು ಬರೆದು ಪಕ್ಕದಲ್ಲಿ ಒಂದು ನಂಬರು ಇರುತ್ತದೆ. ಅದು ಅನುಮಾನದ ಮಟ್ಟ, ಕಾಯಿಲೆಯ ಹಂತ ಅಲ್ಲ. ಇದನ್ನು ತಪ್ಪು ತಿಳಿದು ‘ನಾಲ್ಕನೇ ಸ್ಟೇಜ್’ ಎಂದು ಗಾಬರಿಯಾಗುವವರಿದ್ದಾರೆ. ಹಾಗಲ್ಲ. 2 ಎಂದರೆ ಸಾದಾ ಗಂಟು. 3 ಎಂದರೆ ಬಹುಮಟ್ಟಿಗೆ ಸಾದಾ, ಕ್ಯಾನ್ಸರ್ ಇರುವ ಸಾಧ್ಯತೆ ನೂರಕ್ಕೆ 2ಕ್ಕಿಂತ ಹೆಚ್ಚಿಲ್ಲ. ಸಾಮಾನ್ಯವಾಗಿ ಆರು ತಿಂಗಳು ಬಿಟ್ಟು ಮತ್ತೆ ನೋಡುತ್ತಾರೆ. 5 ಎಂದರೆ ಸಾಧ್ಯತೆ ನೂರಕ್ಕೆ 95ಕ್ಕಿಂತ ಹೆಚ್ಚು.

ನಡುವಿನ 4 ಇದೆಯಲ್ಲ, ಅದೇ ತಲೆನೋವು. ಅದರ ಹರವು ನೂರಕ್ಕೆ 2ರಿಂದ 95ರವರೆಗೆ! ಅದಕ್ಕೇ ಅದನ್ನು 4ಎ, 4ಬಿ, 4ಸಿ ಎಂದು ಒಡೆದಿದ್ದಾರೆ. 4ಎ ಗುಂಪಿನಲ್ಲಿ ಸಾಧ್ಯತೆ ನೂರಕ್ಕೆ 2ರಿಂದ 10 ಅಷ್ಟೇ. ಆದರೂ ಸೂಜಿ ಹಾಕಲೇಬೇಕು. ಹೀಗಾಗಿ ಬಯಾಪ್ಸಿ ಆದ ಗಂಟುಗಳಲ್ಲಿ ಬಹುಪಾಲು ಕೊನೆಗೆ ‘ಕ್ಯಾನ್ಸರ್ ಅಲ್ಲ’ ಎಂದೇ ಬರುತ್ತವೆ. ಅಷ್ಟು ದಿನದ ಆತಂಕ, ನೋವು, ಖರ್ಚು ಮಾತ್ರ ಆಗಿಹೋಗಿರುತ್ತದೆ.

ಹೀಗೇಕೆ? ಮ್ಯಾಮೊಗ್ರಾಂ ಮತ್ತು ಅಲ್ಟ್ರಾಸೌಂಡ್ ಮುಖ್ಯವಾಗಿ ಗಂಟಿನ ಆಕಾರ ನೋಡುತ್ತವೆ. ಅಂಚು ನುಣುಪಾಗಿದೆಯಾ, ಮುಳ್ಳುಮುಳ್ಳಾಗಿದೆಯಾ? ಅಡ್ಡಲಾಗಿ ಮಲಗಿದೆಯಾ, ನಿಗುರಿ ನಿಂತಿದೆಯಾ? ಆಕಾರ ನೋಡಿ ಗುಣ ಊಹಿಸುವುದು ಬಹಳ ಸಲ ಸರಿಹೋಗುತ್ತದೆ. ಆದರೆ ಕೆಲವು ಕ್ಯಾನ್ಸರ್ ಗಂಟುಗಳು ಥೇಟ್ ಫೈಬ್ರೊಅಡಿನೋಮಾದ ಹಾಗೆ ಗುಂಡಗೆ, ನುಣ್ಣಗೆ ಕಾಣುತ್ತವೆ. ಕೆಲವು ಸಾದಾ ಗಂಟುಗಳು ವಿಕಾರವಾಗಿ ಕಂಡು ಹೆದರಿಸುತ್ತವೆ. ಒಳಗೆ ರಕ್ತ ಎಷ್ಟಿದೆ, ಯಾವ ರಾಸಾಯನಿಕ ಇದೆ ಎಂದು ಗೊತ್ತಾದರೆ ಈ ಗೊಂದಲ ಸ್ವಲ್ಪ ಕಮ್ಮಿಯಾಗುತ್ತದೆ. ಬೆಳಕಿನ ಕೆಲಸ ಶುರುವಾಗುವುದು ಇಲ್ಲಿ.

## ಬೆರಳಿಗೆ ಟಾರ್ಚ್ ಹಿಡಿದು ನೋಡಿ

ಕತ್ತಲೆ ಕೋಣೆಯಲ್ಲಿ ಮೊಬೈಲಿನ ಟಾರ್ಚ್ ಹಚ್ಚಿ, ಅದರ ಮೇಲೆ ಬೆರಳು ಒತ್ತಿ ಹಿಡಿಯಿರಿ. ಬೆರಳು ಕೆಂಪಗೆ ಹೊಳೆಯುತ್ತದೆ. ಟಾರ್ಚಿನಿಂದ ಹೊರಟಿದ್ದು ಬಿಳಿ ಬೆಳಕು, ಈಚೆ ಬಂದಿದ್ದು ಕೆಂಪು ಮಾತ್ರ. ಉಳಿದದ್ದು ಎಲ್ಲಿ ಹೋಯಿತು? ನೀಲಿ, ಹಸಿರು ಬಣ್ಣಗಳನ್ನು ರಕ್ತದಲ್ಲಿರುವ ಹಿಮೋಗ್ಲೋಬಿನ್ ನುಂಗಿಬಿಟ್ಟಿತು.

ಇನ್ನೊಂದು ವಿಷಯ ಗಮನಿಸಿ. ಬೆರಳು ಹೊಳೆಯಿತು, ಆದರೆ ಒಳಗಿನ ಮೂಳೆ ಕಾಣಲಿಲ್ಲ ಅಲ್ವಾ? ಎಕ್ಸ್‌-ರೇ ಸೀದಾ ನುಗ್ಗಿ ಆಚೆ ಹೋಗುತ್ತದೆ, ಅದಕ್ಕೇ ಮೂಳೆಯ ನೆರಳು ಸ್ಪಷ್ಟವಾಗಿ ಬೀಳುತ್ತದೆ. ಬೆಳಕು ಹಾಗಲ್ಲ. ಮಾಂಸದೊಳಗೆ ಹೊಕ್ಕ ಬೆಳಕು ಜೀವಕೋಶ, ನಾರು, ಕೊಬ್ಬಿನ ಹನಿಗಳಿಗೆ ಬಡಿದು ದಿಕ್ಕು ಬದಲಿಸುತ್ತಲೇ ಇರುತ್ತದೆ. ಸ್ತನದೊಳಗೆ ಸುಮಾರು 1 ಮಿಲಿಮೀಟರ್ ಸಾಗುವಷ್ಟರಲ್ಲಿ ತಾನು ಎತ್ತ ಹೊರಟಿದ್ದೆ ಎಂಬುದನ್ನೇ ಮರೆತುಬಿಡುತ್ತದೆ. ಇದಕ್ಕೆ ಚದುರುವಿಕೆ ಎನ್ನುತ್ತಾರೆ.

ನುಂಗುವುದು, ಚದುರಿಸುವುದು. ಬೆಳಕಿನ ಎಲ್ಲ ಉಪಕರಣಗಳೂ ಈ ಎರಡರ ಜೊತೆ ಗುದ್ದಾಡುತ್ತವೆ.

ಕೆಂಪಿಗಿಂತ ಆಚೆ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಇದೆ. ಬೆಳಕಿನ ಒಂದೊಂದು ಬಣ್ಣಕ್ಕೂ ಒಂದೊಂದು ಅಲೆಯುದ್ದ, ಅದನ್ನು ನ್ಯಾನೊಮೀಟರಿನಲ್ಲಿ ಅಳೆಯುತ್ತಾರೆ. ಸುಮಾರು 650ರಿಂದ 950 ನ್ಯಾನೊಮೀಟರ್ ಅಲೆಯುದ್ದದ ನಡುವೆ ದೇಹ ಬೆಳಕನ್ನು ಕಮ್ಮಿ ನುಂಗುತ್ತದೆ. ಅದಕ್ಕಿಂತ ಈಚೆ ಹಿಮೋಗ್ಲೋಬಿನ್ ಕಾಟ, ಆಚೆ ನೀರಿನ ಕಾಟ. ನಡುವಿನ ಈ ಕಿಂಡಿಯಲ್ಲಿ ಬೆಳಕು ಕೆಲವು ಸೆಂಟಿಮೀಟರ್ ಆಳಕ್ಕೆ ಹೋಗಬಲ್ಲದು. ಕೋವಿಡ್ ಕಾಲದಲ್ಲಿ ಬೆರಳಿಗೆ ಸಿಕ್ಕಿಸಿಕೊಂಡ ಪಲ್ಸ್ ಆಕ್ಸಿಮೀಟರ್ ಇದೇ ಕಿಂಡಿಯನ್ನು ಬಳಸುತ್ತದೆ. ಅದರಲ್ಲಿ ಸಾಮಾನ್ಯವಾಗಿ 660 ಮತ್ತು 940 ನ್ಯಾನೊಮೀಟರಿನ ಎರಡು ದೀಪಗಳಿರುತ್ತವೆ. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ ಮತ್ತು ಅದನ್ನು ಇಳಿಸಿ ಬಂದ ಹಿಮೋಗ್ಲೋಬಿನ್ ಈ ಎರಡು ಬೆಳಕನ್ನು ಬೇರೆ ಬೇರೆ ಪ್ರಮಾಣದಲ್ಲಿ ನುಂಗುತ್ತವೆ. ಆ ವ್ಯತ್ಯಾಸದಿಂದಲೇ 97, 98 ಎಂಬ ಅಂಕಿ ಬರುತ್ತದೆ. ಸ್ತನದ ಗಂಟಿಗೂ ಬಹುಮಟ್ಟಿಗೆ ಇದೇ ಲೆಕ್ಕ. ಆದರೆ ಬೆರಳಿಗಿಂತ ಆಳ ಜಾಸ್ತಿ, ಗೋಜಲೂ ಜಾಸ್ತಿ.

## ರಕ್ತ ಯಾಕೆ ಸುಳಿವು ಕೊಡುತ್ತದೆ

ಗಡ್ಡೆ ಬೆಳೆಯಬೇಕಾದರೆ ಅದಕ್ಕೆ ಆಹಾರ, ಆಮ್ಲಜನಕ ಬೇಕು. 1ರಿಂದ 2 ಮಿಲಿಮೀಟರ್ ದಾಟಿ ಬೆಳೆಯಲು ಗಡ್ಡೆಗೆ ಸ್ವಂತ ರಕ್ತನಾಳ ಬೇಕೇಬೇಕು ಎಂಬ ವಾದವನ್ನು ಅಮೆರಿಕದ ಸರ್ಜನ್ ಜೂಡಾ ಫೋಕ್‌ಮನ್ 1971ರಲ್ಲಿ ಮುಂದಿಟ್ಟರು. ಕ್ಯಾನ್ಸರ್ ಗಂಟು ಸುತ್ತಲಿನ ನಾಳಗಳಿಗೆ ಕರೆ ಕಳಿಸಿ ಹೊಸ ಕವಲು ಎಳೆದುಕೊಳ್ಳುತ್ತದೆ. ಅವಸರದಲ್ಲಿ ಹುಟ್ಟಿದ ಆ ನಾಳಗಳು ಅಂಕುಡೊಂಕು, ಸೋರುವಂಥವು.

ಇದರ ಪರಿಣಾಮ ಅಳತೆಗೆ ಸಿಗುತ್ತದೆ. ಕ್ಯಾನ್ಸರ್ ಗಂಟಿನಲ್ಲಿ ಸಾಮಾನ್ಯವಾಗಿ ಸುತ್ತಲಿಗಿಂತ ಹಿಮೋಗ್ಲೋಬಿನ್ ಜಾಸ್ತಿ. ಬಂದ ಆಮ್ಲಜನಕ ಬೇಗ ಖರ್ಚಾಗುವುದರಿಂದ ಅದರ ಮಟ್ಟ ಅನೇಕ ಸಲ ಕಮ್ಮಿ. ಜೀವಕೋಶಗಳು ಒತ್ತೊತ್ತಾಗಿರುವುದರಿಂದ ನೀರಿನಂಶ ಜಾಸ್ತಿ, ಕೊಬ್ಬು ಕಮ್ಮಿ. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್, ಅದನ್ನು ಇಳಿಸಿದ ಹಿಮೋಗ್ಲೋಬಿನ್, ನೀರು, ಕೊಬ್ಬು ಈ ನಾಲ್ಕೂ ಬೇರೆ ಬೇರೆ ಅಲೆಯುದ್ದದ ಬೆಳಕನ್ನು ನುಂಗುತ್ತವೆ. ಸಾಕಷ್ಟು ಅಲೆಯುದ್ದಗಳಲ್ಲಿ ಅಳೆದರೆ ನಾಲ್ಕನ್ನೂ ಬಿಡಿಸಿ ಲೆಕ್ಕ ಹಾಕಬಹುದು.

## ನೆರಳು ಹುಡುಕಿ ಸೋತವರು

ಈ ಯೋಚನೆ ಹೊಸದೇನಲ್ಲ. 1929ರಲ್ಲೇ ಅಮೆರಿಕದ ವೈದ್ಯ ಮ್ಯಾಕ್ಸ್ ಕಟ್ಲರ್ ಸ್ತನದ ಹಿಂದೆ ದೀಪ ಹಿಡಿದು ಒಳಗಿನ ನೆರಳು ನೋಡುವ ವಿಧಾನ ಪ್ರಕಟಿಸಿದರು. ದೀಪ ಪ್ರಖರವಾಗಿರಬೇಕು, ಆದರೆ ಪ್ರಖರ ದೀಪದ ಕಾವು ಚರ್ಮಕ್ಕೆ ತಾಗುತ್ತಿತ್ತು. ರಕ್ತ ತುಂಬಿದ ಜಾಗ ಕಪ್ಪಗೆ, ನೀರಿನ ಸಿಸ್ಟ್ ತಿಳಿಯಾಗಿ ಕಾಣುತ್ತಿತ್ತು ನಿಜ. ಗಟ್ಟಿ ಗಂಟುಗಳಲ್ಲಿ ಸಾದಾ ಯಾವುದು, ಕ್ಯಾನ್ಸರ್ ಯಾವುದು ಎಂದು ಮಾತ್ರ ನಂಬಿಕೆಯಿಂದ ಹೇಳಲಾಗುತ್ತಿರಲಿಲ್ಲ. 1970–80ರ ದಶಕಗಳಲ್ಲಿ ಇನ್‌ಫ್ರಾರೆಡ್ ಕ್ಯಾಮೆರಾಗಳೊಂದಿಗೆ ಇದು ಮತ್ತೆ ಬಂತು. ಮ್ಯಾಮೊಗ್ರಾಂ ಜೊತೆ ಹೋಲಿಸಿದಾಗ ಸೋತಿತು, ಅದರಲ್ಲೂ ಸಣ್ಣ ಗಂಟುಗಳ ವಿಷಯದಲ್ಲಿ. ಬೆಳಕು ಚದುರುವಾಗ ನೆರಳೂ ಕದಡಿಹೋಗುತ್ತದೆ, ಬೇರೆ ದಾರಿ ಇಲ್ಲ.

ಆಮೇಲೆ ಬಂದವರು ನೆರಳು ನೋಡುವುದನ್ನು ಬಿಟ್ಟು ಚದುರಿದ ಬೆಳಕನ್ನೇ ಲೆಕ್ಕಕ್ಕೆ ತೆಗೆದುಕೊಂಡರು. ಸ್ತನದ ಸುತ್ತ ಹತ್ತಾರು ಬೆಳಕಿನ ಎಳೆಗಳನ್ನು, ಅಂದರೆ ಬೆಳಕು ಸಾಗಿಸುವ ಆಪ್ಟಿಕಲ್ ಫೈಬರುಗಳನ್ನು ಇಡುತ್ತಾರೆ. ಒಂದರಿಂದ ಬೆಳಕು ಬಿಟ್ಟು ಉಳಿದವುಗಳಲ್ಲಿ ಎಷ್ಟು ಬಂತು ಎಂದು ಅಳೆಯುತ್ತಾರೆ. ಆಮೇಲೆ ಇನ್ನೊಂದರಿಂದ, ಮತ್ತೊಂದರಿಂದ. ‘ಬೆಳಕು ಈ ಪ್ರಮಾಣದಲ್ಲಿ ಈಚೆ ಬರಬೇಕಾದರೆ ಒಳಗೆ ಏನೇನು ಎಲ್ಲೆಲ್ಲಿ ಇದ್ದಿರಬೇಕು?’ ಎಂದು ಕಂಪ್ಯೂಟರ್ ಹಿಂದುಮುಂದಾಗಿ ಲೆಕ್ಕ ಹಾಕುತ್ತದೆ. ಇದರ ಹೆಸರು ಡಿಫ್ಯೂಸ್ ಆಪ್ಟಿಕಲ್ ಟೊಮೊಗ್ರಫಿ.

ಇಲ್ಲೊಂದು ಜಾಣತನವಿದೆ. ಬೆಳಕು ಕಮ್ಮಿ ಬಂತು ಎಂದರೆ ಒಳಗೆ ನುಂಗಿದ್ದಕ್ಕಾ, ಚದುರಿ ಬೇರೆ ಕಡೆ ಹೋದದ್ದಕ್ಕಾ? ಬರೀ ಪ್ರಮಾಣ ಅಳೆದರೆ ಗೊತ್ತಾಗುವುದಿಲ್ಲ. ಅದಕ್ಕೆ ಸೆಕೆಂಡಿಗೆ ಹತ್ತು ಕೋಟಿ ಸಲದ ಆಸುಪಾಸಿನಲ್ಲಿ ಮಿಣುಕುವ ಬೆಳಕು ಬಿಟ್ಟು, ಈಚೆ ಬರುವ ಮಿಣುಕು ಎಷ್ಟು ತಡವಾಯಿತು ಎಂದು ನೋಡುತ್ತಾರೆ. ಜಾಸ್ತಿ ಚದುರಿದ ಬೆಳಕು ಸುತ್ತಿ ಬಳಸಿ ಬಂದಿರುತ್ತದೆ, ಹಾಗಾಗಿ ತಡ. ನುಂಗಿದ್ದರೆ ಪ್ರಮಾಣ ಇಳಿದಿರುತ್ತದೆ, ಆದರೆ ಅಷ್ಟು ತಡವಾಗಿರುವುದಿಲ್ಲ.

ಆದರೂ ಬರುವ ಚಿತ್ರ ಮಸುಕು. ಸುಮಾರು 1 ಸೆಂಟಿಮೀಟರಿಗಿಂತ ಸಣ್ಣದನ್ನು ಬಿಡಿಸಿ ಕಾಣುವುದು ಕಷ್ಟ. ಅದಕ್ಕೇ ಅಲ್ಟ್ರಾಸೌಂಡ್ ಜೊತೆ ಸೇರಿಸುತ್ತಾರೆ. ಗಂಟು ಎಲ್ಲಿದೆ ಎಂದು ಅದು ತೋರಿಸುತ್ತದೆ, ಅಲ್ಲಿ ರಕ್ತ ಎಷ್ಟಿದೆ ಎಂದು ಬೆಳಕು ಹೇಳುತ್ತದೆ. ಕೀಮೋಥೆರಪಿ ನಡೆಯುವಾಗ ಗಂಟು ಔಷಧಿಗೆ ಬಗ್ಗುತ್ತಿದೆಯಾ ಎಂದು ನೋಡಲು ಇದು ಉಪಯೋಗಕ್ಕೆ ಬರಬಹುದು ಎಂದೂ ಅಧ್ಯಯನ ನಡೆದಿದೆ. ಅಲ್ಲಿ ಗಂಟು ಯಾವುದೆಂದು ಮೊದಲೇ ಗೊತ್ತಿರುತ್ತದೆ, ಬದಲಾವಣೆ ಅಳೆದರೆ ಸಾಕು.

## ಬೆಳಕು ಬಿಟ್ಟು ಸದ್ದು ಕೇಳುವುದು

ಈಗ ಎಲ್ಲಕ್ಕಿಂತ ಮುಂದೆ ಬಂದಿರುವ ವಿಧಾನ ಇದು. ಮಿಂಚು ಹೊಡೆದಾಗ ಗಾಳಿ ಒಮ್ಮೆಲೇ ಕಾದು ಹಿಗ್ಗುತ್ತದೆ, ಆ ಹಿಗ್ಗಿನ ಸದ್ದೇ ಗುಡುಗು. ಸ್ತನದೊಳಗೆ ಅದನ್ನೇ ತೀರಾ ಚಿಕ್ಕದಾಗಿ ಮಾಡುತ್ತಾರೆ. ಸೆಕೆಂಡಿನ ನೂರು ಕೋಟಿಯ ಕೆಲವೇ ಭಾಗದಷ್ಟು ಹೊತ್ತು ಲೇಸರ್ ಮಿಂಚಿಸುತ್ತಾರೆ. ರಕ್ತನಾಳ ಆ ಬೆಳಕನ್ನು ನುಂಗಿ ಒಂದು ಡಿಗ್ರಿಯ ಎಲ್ಲೋ ಸಣ್ಣ ಪಾಲಿನಷ್ಟು ಬೆಚ್ಚಗಾಗುತ್ತದೆ, ಹಿಗ್ಗುತ್ತದೆ, ಕಿವಿಗೆ ಕೇಳದ ಸದ್ದು ಹೊರಡಿಸುತ್ತದೆ. ಚರ್ಮದ ಮೇಲೆ ಹಿಡಿಯುವ ಅಲ್ಟ್ರಾಸೌಂಡ್ ಪ್ರೋಬ್ ಅದನ್ನು ಕೇಳಿಸಿಕೊಳ್ಳುತ್ತದೆ. ಬೆಳಕಿನಿಂದ ಸದ್ದು ಹುಟ್ಟುತ್ತದೆ ಎಂದು 1880ರಲ್ಲೇ ಕಂಡುಕೊಂಡವರು ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್.

ಲಾಭ ಏನು? ಒಳಗೆ ಹೋಗುವಾಗ ಬೆಳಕು ಚದುರಿದರೂ ಚಿಂತೆಯಿಲ್ಲ. ವಾಪಸ್ ಬರುವುದು ಸದ್ದು. ಸದ್ದು ಮಾಂಸದೊಳಗೆ ಬೆಳಕಿನಷ್ಟು ಚದುರುವುದಿಲ್ಲ, ಹಾಗಾಗಿ ಎಲ್ಲಿಂದ ಬಂತು ಎಂದು ಚೆನ್ನಾಗಿ ಗೊತ್ತಾಗುತ್ತದೆ. ಗಂಟಿನ ಸುತ್ತ ಹರಡಿದ ನಾಳಗಳೇ ಚಿತ್ರದಲ್ಲಿ ಕಾಣುತ್ತವೆ.

ಅಮೆರಿಕದ ಎಫ್‌ಡಿಎ (ಔಷಧಿ, ವೈದ್ಯಕೀಯ ಉಪಕರಣಗಳಿಗೆ ಒಪ್ಪಿಗೆ ಕೊಡುವ ಸರ್ಕಾರಿ ಸಂಸ್ಥೆ) 2021ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟ ಇಮ್ಯಾಜಿಯೊ ಎಂಬ ಉಪಕರಣ ಹೀಗೇ ಕೆಲಸ ಮಾಡುತ್ತದೆ. 757 ಮತ್ತು 1064 ನ್ಯಾನೊಮೀಟರಿನ ಎರಡು ಲೇಸರ್. ಮೊದಲನೆಯದನ್ನು ಆಮ್ಲಜನಕ ಕಳೆದುಕೊಂಡ ರಕ್ತ ಜಾಸ್ತಿ ನುಂಗುತ್ತದೆ, ಎರಡನೆಯದನ್ನು ಆಮ್ಲಜನಕ ತುಂಬಿದ ರಕ್ತ. ಪರದೆಯ ಮೇಲೆ ಮಾಮೂಲಿ ಅಲ್ಟ್ರಾಸೌಂಡ್ ಚಿತ್ರದ ಮೇಲೇ ಎರಡು ಬಣ್ಣಗಳಲ್ಲಿ ರಕ್ತದ ನಕ್ಷೆ ಮೂಡುತ್ತದೆ.

ಇದರ ದೊಡ್ಡ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಅದರಲ್ಲಿ ಲೆಕ್ಕಕ್ಕೆ ತೆಗೆದುಕೊಂಡದ್ದು 1,700ಕ್ಕೂ ಹೆಚ್ಚು ಗಂಟು. ಅಂಕಿಗಳನ್ನು ನಿಧಾನವಾಗಿ ನೋಡಬೇಕು. ನಿಜಕ್ಕೂ ಸಾದಾ ಆಗಿದ್ದ 100 ಗಂಟುಗಳಲ್ಲಿ ಬರೀ ಅಲ್ಟ್ರಾಸೌಂಡ್ ಸುಮಾರು 28ನ್ನು ‘ಸಾದಾ’ ಎಂದು ಸರಿಯಾಗಿ ಗುರುತಿಸಿತು. ಬೆಳಕು ಸೇರಿದಾಗ ಅದು 43ಕ್ಕೆ ಏರಿತು. ಅಂದರೆ ಇನ್ನೂ 15 ಮಂದಿಗೆ ಸೂಜಿ ತಪ್ಪಬಹುದಿತ್ತು. ಒಳ್ಳೆಯದೇ. ಇನ್ನೊಂದು ಬದಿ ನೋಡಿ. ನಿಜಕ್ಕೂ ಕ್ಯಾನ್ಸರ್ ಆಗಿದ್ದ ಗಂಟುಗಳಲ್ಲಿ ಬರೀ ಅಲ್ಟ್ರಾಸೌಂಡ್ ನೂರಕ್ಕೆ 98.6ನ್ನು ಹಿಡಿದಿತ್ತು. ಬೆಳಕು ಸೇರಿದಾಗ ಅದು 96ಕ್ಕೆ ಇಳಿಯಿತು. ಸುದ್ದಿಯಲ್ಲಿ ಮೊದಲ ಅಂಕಿ ಮಾತ್ರ ಬರುತ್ತದೆ, ಎರಡನೆಯದು ಬರುವುದಿಲ್ಲ. ಸೂಜಿ ತಪ್ಪಿಸಿಕೊಳ್ಳುವವರ ಸಂಖ್ಯೆ ಹೆಚ್ಚಿದಂತೆ ಕೈತಪ್ಪುವ ಕ್ಯಾನ್ಸರ್ ಕೂಡ ಸ್ವಲ್ಪ ಹೆಚ್ಚಬಹುದು. ಎಲ್ಲಿಗೆ ನಿಲ್ಲಿಸಬೇಕು ಎಂಬುದೇ ವೈದ್ಯರ ಮುಂದಿನ ಪ್ರಶ್ನೆ. ಎಫ್‌ಡಿಎ ಒಪ್ಪಿಗೆ ಕೊಟ್ಟದ್ದೂ ತಪಾಸಣೆಗೆ ಕಳಿಸಲಾದ ಗಂಟನ್ನು ಇನ್ನಷ್ಟು ಚೆನ್ನಾಗಿ ಅಳೆದು ನೋಡಲು, ಮ್ಯಾಮೊಗ್ರಾಂ ಬದಲಿಗೆ ಅಲ್ಲ.

## ಬಣ್ಣ ಬದಲಿಸಿ ಬರುವ ಬೆಳಕು

ರಕ್ತ ಬಿಟ್ಟು ನೇರವಾಗಿ ಗಂಟಿನ ರಾಸಾಯನಿಕವನ್ನೇ ಓದುವ ದಾರಿಯೂ ಇದೆ. ಸರ್ ಸಿ.ವಿ. ರಾಮನ್ 1928ರ ಫೆಬ್ರವರಿ 28ರಂದು ಕಂಡ ಪರಿಣಾಮ ಇದರ ಬುನಾದಿ. ವಸ್ತುವಿಗೆ ಬಡಿದ ಬೆಳಕಿನ ಕಣಗಳಲ್ಲಿ ಬಹುತೇಕ ಎಲ್ಲವೂ ಅದೇ ಬಣ್ಣದಲ್ಲಿ ಚದುರುತ್ತವೆ. ಸುಮಾರು ಒಂದು ಕೋಟಿಯಲ್ಲಿ ಒಂದು ಕಣ ಮಾತ್ರ ಅಣುವಿನ ಕಂಪನದ ಜೊತೆ ಶಕ್ತಿ ಕೊಟ್ಟು ತೆಗೆದುಕೊಂಡು, ಬಣ್ಣ ಬದಲಿಸಿಕೊಂಡು ಬರುತ್ತದೆ. ಎಷ್ಟು ಬದಲಾಯಿತು ಎಂಬುದರಿಂದ ಅದು ಯಾವ ಅಣು ಎಂದು ಹೇಳಬಹುದು. ಪ್ರೋಟೀನಿಗೆ ಒಂದು ಗುರುತು, ಕೊಬ್ಬಿಗೆ ಇನ್ನೊಂದು.

ಮ್ಯಾಮೊಗ್ರಾಂನಲ್ಲಿ ಬಿಳಿ ಚುಕ್ಕೆಗಳಾಗಿ ಕಾಣುವ ಸುಣ್ಣದ ಕಣಗಳನ್ನೇ ತೆಗೆದುಕೊಳ್ಳಿ. ಅವು ಎರಡು ಬಗೆ. ಕ್ಯಾಲ್ಸಿಯಂ ಆಕ್ಸಲೇಟ್ ಬಹುಮಟ್ಟಿಗೆ ಸಾದಾ ಜಾಗಗಳಲ್ಲೇ ಸಿಗುತ್ತದೆ. ಹೈಡ್ರಾಕ್ಸಿಅಪಟೈಟ್ ಎರಡು ಕಡೆಯೂ ಇರುತ್ತದೆ, ಕ್ಯಾನ್ಸರಿನಲ್ಲೂ. ಎಕ್ಸ್‌-ರೇ ಕಣ್ಣಿಗೆ ಎರಡೂ ಬಿಳಿ ಚುಕ್ಕೆಯೇ. ರಾಮನ್ ಬೆಳಕಿಗೆ ಎರಡೂ ಬೇರೆ ಬೇರೆ.

ತೊಂದರೆ ಏನೆಂದರೆ ಕೋಟಿಗೊಂದು ಕಣ ಹಿಡಿಯಬೇಕು, ಅದೂ ಆಳದಿಂದ. ಹಾಗಾಗಿ ಹೆಚ್ಚಿನ ಕೆಲಸ ದೇಹದಿಂದ ಹೊರತೆಗೆದ ಚೂರುಗಳ ಮೇಲೇ ನಡೆದಿದೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ತಂಡ 2005ರಲ್ಲಿ ಹೀಗೆ ಅಳೆದಾಗ ಕ್ಯಾನ್ಸರ್ ಇದ್ದುದರಲ್ಲಿ ನೂರಕ್ಕೆ 94 ಸಿಕ್ಕಿತು, ಇಲ್ಲದ್ದನ್ನು ನೂರಕ್ಕೆ 96ರಷ್ಟು ‘ಇಲ್ಲ’ ಎಂದಿತು. ಅಳತೆಯಿಂದ ಕ್ಯಾನ್ಸರ್ ಗುರುತಿಸುವ ಅದೇ ಸೂತ್ರವನ್ನು ಹೊಸ ರೋಗಿಗಳ ಚೂರುಗಳ ಮೇಲೆ ಪ್ರಯೋಗಿಸಿ 2009ರಲ್ಲಿ ಪ್ರಕಟಿಸಿದಾಗ ಅಂಕಿಗಳು 83 ಮತ್ತು 93ಕ್ಕೆ ಇಳಿದಿದ್ದವು. ಸೂತ್ರ ಕಟ್ಟಲು ಬಳಸಿದ ಚೂರುಗಳ ಮೇಲೇ ಅದನ್ನು ಪರೀಕ್ಷಿಸಿದರೆ ಅಂಕ ಚೆನ್ನಾಗಿಯೇ ಬರುತ್ತದೆ. ‘ನೂರಕ್ಕೆ 95 ನಿಖರ’ ಎಂಬ ಸುದ್ದಿ ಓದಿದಾಗ, ಹೊಸಬರ ಮೇಲೆ ಪರೀಕ್ಷಿಸಿದ್ದಾರಾ ಎಂದು ನೋಡಿಕೊಳ್ಳುವುದು ಒಳ್ಳೆಯದು.

ಬಯಾಪ್ಸಿ ಸೂಜಿಯ ತುದಿಯಲ್ಲೇ ಬೆಳಕಿನ ಎಳೆ ಕೂರಿಸಿ, ಸರಿಯಾದ ಜಾಗಕ್ಕೇ ಸೂಜಿ ಹೋಯಿತಾ ಎಂದು ಆಗಲೇ ತಿಳಿಯುವ ಪ್ರಯತ್ನಗಳೂ ಇವೆ. ಇಲ್ಲಿ ಆಳದ ಸಮಸ್ಯೆಯೇ ಇಲ್ಲ, ಸೂಜಿಯೇ ಬೆಳಕನ್ನು ಹೊತ್ತೊಯ್ಯುತ್ತದೆ.

## ಬೆಳಕು ಎಡವುವ ಜಾಗಗಳು

ಪ್ರೋಬನ್ನು ಸ್ವಲ್ಪ ಜೋರಾಗಿ ಒತ್ತಿದರೆ ಸಾಕು, ಅಲ್ಲಿನ ರಕ್ತ ಪಕ್ಕಕ್ಕೆ ಸರಿದು ಅಳತೆಯೇ ಬದಲಾಗುತ್ತದೆ. ಉಗುರಿನ ತುದಿ ಒತ್ತಿದರೆ ಬೆಳ್ಳಗಾಗುತ್ತದಲ್ಲ, ಅದೇ. ಮುಟ್ಟಿನ ದಿನಗಳಿಗೆ ತಕ್ಕಂತೆ ಸ್ತನದಲ್ಲಿ ರಕ್ತ, ನೀರು ಏರಿಳಿಯುತ್ತವೆ. ಹಾಲುಣಿಸುವಾಗ ಇನ್ನೂ ಜಾಸ್ತಿ.

ಸಾದಾ ಗಂಟೂ ಕೆಲವೊಮ್ಮೆ ರಕ್ತದಿಂದ ತುಂಬಿರುತ್ತದೆ. ಸೋಂಕು, ಉರಿಯೂತ ಇದ್ದರಂತೂ ಖಂಡಿತ. ಹಾಗೆಯೇ ಅಷ್ಟೇನೂ ನಾಳಗಳಿಲ್ಲದ ಕ್ಯಾನ್ಸರ್ ಗಂಟೂ ಇರುತ್ತದೆ. ರಕ್ತ ಒಂದು ಸುಳಿವು, ಅಷ್ಟೆ.

ಚರ್ಮದ ಬಣ್ಣ ಇನ್ನೊಂದು. ಕಪ್ಪು ಚರ್ಮದಲ್ಲಿರುವ ಮೆಲನಿನ್ ಬೆಳಕನ್ನು ಚೆನ್ನಾಗಿ ನುಂಗುತ್ತದೆ. ಪಲ್ಸ್ ಆಕ್ಸಿಮೀಟರ್ ಕಪ್ಪು ಚರ್ಮದವರಲ್ಲಿ ಆಮ್ಲಜನಕವನ್ನು ಇರುವುದಕ್ಕಿಂತ ಹೆಚ್ಚು ತೋರಿಸುವುದುಂಟು ಎಂದು 2020ರ ಅಮೆರಿಕದ ಅಧ್ಯಯನವೊಂದು ತೋರಿಸಿತು. ಸ್ತನದ ಉಪಕರಣವೂ ಅದೇ ಬಗೆಯ ಬೆಳಕು ಬಳಸುತ್ತದೆ. ಹಾಗಾಗಿ ಎಲ್ಲ ಬಣ್ಣದವರ ಮೇಲೂ ಅದನ್ನು ಪರೀಕ್ಷಿಸಿರಬೇಕು.

## ಅಂಗಡಿಯ ಕೆಂಪು ದೀಪ, ಥರ್ಮೋಗ್ರಫಿ

ಮನೆಯಲ್ಲೇ ಹಿಡಿದು ನೋಡಿಕೊಳ್ಳುವ ಕೆಂಪು ದೀಪಗಳು ಮಾರಾಟಕ್ಕಿವೆ. ಇವು 1929ರ ನೆರಳು ನೋಡುವ ವಿಧಾನದ ಮರಿಗಳು, ಮೇಲೆ ಹೇಳಿದ ಲೆಕ್ಕ ಯಾವುದೂ ಇವುಗಳಲ್ಲಿ ಇಲ್ಲ. ‘ಏನೂ ಕಪ್ಪಾಗಿ ಕಾಣಲಿಲ್ಲ’ ಎಂಬ ಸಮಾಧಾನಕ್ಕೆ ಬೆಲೆ ಇಲ್ಲ.

ಥರ್ಮೋಗ್ರಫಿ ಇನ್ನೂ ಬೇರೆ. ಅದು ಒಳಗೆ ಬೆಳಕು ಬಿಡುವುದೇ ಇಲ್ಲ, ಚರ್ಮದಿಂದ ಹೊರಡುವ ಶಾಖವನ್ನು ಕ್ಯಾಮೆರಾದಲ್ಲಿ ಹಿಡಿಯುತ್ತದೆ. ಅದು ಮ್ಯಾಮೊಗ್ರಾಂಗೆ ಬದಲಿ ಅಲ್ಲ ಎಂದು ಎಫ್‌ಡಿಎ ಮತ್ತೆ ಮತ್ತೆ ಎಚ್ಚರಿಸಿದೆ.

## ಹಾಗಾದರೆ ಸೂಜಿ ತಪ್ಪುತ್ತದಾ?

ಬೆಳಕು ಒಂದು ಗಂಟನ್ನು ‘ಖಂಡಿತ ಕ್ಯಾನ್ಸರ್’ ಎಂದು ನೂರಕ್ಕೆ ನೂರು ಸರಿಯಾಗಿ ಹೇಳಿತು ಅಂತಲೇ ಇಟ್ಟುಕೊಳ್ಳಿ. ಆಗಲೂ ಸೂಜಿ ಬೇಕೇ ಬೇಕು. ಯಾಕೆಂದರೆ ಚಿಕಿತ್ಸೆ ನಿಂತಿರುವುದು ಅದು ಯಾವ ಬಗೆಯ ಕ್ಯಾನ್ಸರ್ ಎಂಬುದರ ಮೇಲೆ. ಜೀವಕೋಶಗಳಲ್ಲಿ ಈಸ್ಟ್ರೊಜೆನ್, ಪ್ರೊಜೆಸ್ಟರಾನ್ ಹಾರ್ಮೋನುಗಳನ್ನು ಹಿಡಿದುಕೊಳ್ಳುವ ಗ್ರಾಹಕ (ರಿಸೆಪ್ಟರ್) ಇದೆಯಾ, ಹರ್‌-2 ಎಂಬ ಪ್ರೋಟೀನ್ ಜಾಸ್ತಿ ಇದೆಯಾ ಎಂದು ನೋಡಿಯೇ ಔಷಧಿ ಆರಿಸುತ್ತಾರೆ. ಇದನ್ನು ನೋಡಲು ಗಂಟಿನ ಚೂರು ಕೈಯಲ್ಲಿರಬೇಕು.

ಹಾಗಾಗಿ ಬೆಳಕಿನ ನಿಜವಾದ ಉಪಯೋಗ ಇನ್ನೊಂದು ಕಡೆಗಿದೆ: 4ಎ ಗುಂಪಿನಂಥ ಕಮ್ಮಿ ಅನುಮಾನದ ಗಂಟುಗಳಲ್ಲಿ ಯಾವುದಕ್ಕೆ ಸೂಜಿ ಬೇಡ ಎಂದು ಹೇಳುವುದು. ಇಂಥ ಪರೀಕ್ಷೆ ಮಾಡಿಸಲು ಯಾರಾದರೂ ಹೇಳಿದರೆ ವೈದ್ಯರನ್ನು ಒಂದು ಮಾತು ಕೇಳಿ: ‘ಇದರಲ್ಲಿ ಸಾದಾ ಎಂದು ಬಂದರೆ ಬಯಾಪ್ಸಿ ಬಿಡುತ್ತೀರಾ, ಮತ್ತೆ ಯಾವಾಗ ನೋಡುತ್ತೀರಾ?’ ಹೇಗಿದ್ದರೂ ಬಯಾಪ್ಸಿ ಮಾಡುವುದೇ ಆದರೆ ಈ ಪರೀಕ್ಷೆಗೆ ಖರ್ಚು ಮಾಡಿ ಪ್ರಯೋಜನ ಕಮ್ಮಿ. ಗಂಟಿನ ಜೊತೆ ಚರ್ಮ ಒಳಗೆ ಎಳೆದುಕೊಂಡಿದ್ದರೆ, ಮೊಲೆತೊಟ್ಟಿನಿಂದ ರಕ್ತ ಬರುತ್ತಿದ್ದರೆ, ಕಂಕುಳಲ್ಲೂ ಗಂಟು ಸಿಕ್ಕಿದರೆ ಬೆಳಕಿನ ಪರೀಕ್ಷೆ ಹುಡುಕಿಕೊಂಡು ಹೋಗಬೇಡಿ. ವೈದ್ಯರನ್ನು ತಡಮಾಡದೆ ಕಾಣಿ, ಅವರು ಬಯಾಪ್ಸಿ ಹೇಳಿದರೆ ಮುಂದೂಡದೆ ಮಾಡಿಸಿ.